ಹಾರುವುದು ಒಂದು, ತಿನ್ನುವುದು ಇನ್ನೊಂದು

ಜಗಳೂರು ಸೀಮೆಯ ಮನೆಗಳಲ್ಲಿ ರವೆ ಡಬ್ಬಿಯ ಮುಚ್ಚಳ ತೆಗೆದೊಡನೆ ಪುಟ್ಟ ಪತಂಗವೊಂದು ಪುರ್ರನೆ ಹಾರುವುದುಂಟು. ಅಮ್ಮ ಅದನ್ನು ಹೊಡೆದು ಕೈ ತೊಳೆದುಕೊಳ್ಳುತ್ತಾಳೆ. ಆದರೆ ಕಳ್ಳ ಇನ್ನೂ ಡಬ್ಬಿಯಲ್ಲೇ ಇದ್ದಾನೆ! ಹಾರುವ ಪತಂಗ ಕಾಳು ತಿನ್ನುವುದಿಲ್ಲ, ಮೊಟ್ಟೆಯಿಡುತ್ತದೆ. ತಿನ್ನುವುದು ಅದರ ಮರಿಹುಳು.

ಗುರುತು ಹಿಡಿಯುವುದು ಕಷ್ಟವಲ್ಲ. ರವೆ, ನುಚ್ಚು ನೂಲಿನಿಂದ ಹೆಣೆದಂತೆ ಗಂಟುಕಟ್ಟಿ, ಪತಂಗ ಬೂದುಬಣ್ಣದ್ದಾಗಿದ್ದರೆ ಅದು ಅಕ್ಕಿ ಪತಂಗ. ಇಡೀ ಜೋಳದ ಕಾಳಿನಲ್ಲಿ ದುಂಡನೆಯ ತೂತಿದ್ದು ಒಳಗೆ ಟೊಳ್ಳಾಗಿದ್ದರೆ ಕಾಳಿನೊಳಗೇ ಬೆಳೆಯುವ ಧಾನ್ಯ ಪತಂಗವಿರಬಹುದು. ರೆಕ್ಕೆಯ ಬುಡ ಮಾಸಲು, ತುದಿ ತಾಮ್ರದ ಬಣ್ಣವಿದ್ದರೆ ‘ಇಂಡಿಯನ್ ಮೀಲ್ ಮಾತ್’. ಈ ‘ಇಂಡಿಯನ್’ ನಮ್ಮ ದೇಶವಲ್ಲ. 1856ರಲ್ಲಿ ಅಮೆರಿಕದ ಕೀಟತಜ್ಞ ಆಸಾ ಫಿಚ್ ಇಟ್ಟ ಈ ಹೆಸರು ಅಲ್ಲಿ ‘ಇಂಡಿಯನ್ ಕಾರ್ನ್’ ಎನ್ನುತ್ತಿದ್ದ ಮೆಕ್ಕೆಜೋಳದ ಹಿಟ್ಟಿನಿಂದ ಬಂದದ್ದು. ಅದೇ ಮೆಕ್ಕೆಜೋಳ ಈಗ ಜಗಳೂರಿನ ಹೊಲಗಳಲ್ಲೂ ಬೆಳೆಯುತ್ತದೆ.

ಮದ್ದು ಮನೆಯಲ್ಲೇ ಇದೆ. ಗಂಟುಕಟ್ಟಿದ ಹಿಟ್ಟನ್ನು ಹೊರಗೆ ಹಾಕಿ, ಡಬ್ಬಿಯ ಅಂಚು, ಕಪಾಟಿನ ಸಂದು ಒರೆಸಿ, ಕಾಳನ್ನು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಆರಿಸಿ, ಗಾಳಿಯಾಡದಂತೆ ಮುಚ್ಚಿಡಬೇಕು. ಕಾಳಿಗೆ ಇಡುವ ವಿಷದ ಗುಳಿಗೆ ಮಾತ್ರ ಮನೆಯೊಳಗೆ ಬೇಡವೇ ಬೇಡ. ಅದರಿಂದ ಹೊರಡುವ ಫಾಸ್ಫೀನ್ ಅನಿಲ ಹುಳುವನ್ನಷ್ಟೇ ಅಲ್ಲ, ಪಕ್ಕದಲ್ಲಿ ಮಲಗಿದ ಮಗುವನ್ನೂ ಕೊಲ್ಲಬಲ್ಲದು.