ಗೇಟು ಎಷ್ಟು ಗಂಟೆಗೆ ಮುಚ್ಚುತ್ತದೆ?

ಮಗಳನ್ನು ಹಾಸ್ಟೆಲಿಗೆ ಸೇರಿಸಲು ಬರುವ ಹೆತ್ತವರು ಮೊದಲು ಕೇಳುವುದು ಇದೇ ಪ್ರಶ್ನೆ. ಆರು ಗಂಟೆಗೆ ಎಂದರೆ ಅವರ ಮುಖ ಅರಳುತ್ತದೆ. ಒಂಬತ್ತಕ್ಕೆ ಎಂದರೆ ಗಂಡ ಹೆಂಡತಿ ಮುಖ ಮುಖ ನೋಡಿಕೊಳ್ಳುತ್ತಾರೆ. ಇಪ್ಪತ್ತು ವರ್ಷಗಳಿಂದ ಕಾಲೇಜಿನಲ್ಲಿ ಪಾಠ ಮಾಡುತ್ತಾ ಇದನ್ನು ನೋಡುತ್ತಿದ್ದೇನೆ. ಒಳಗೆ ಏನಾದರೂ ನಡೆದರೆ ನಮ್ಮ ಮಗಳು ಯಾರಿಗೆ ಹೇಳಬೇಕು ಎಂದು ಕೇಳಿದವರು ಬೆರಳೆಣಿಕೆಯಷ್ಟು ಮಂದಿ ಮಾತ್ರ.

ನಾನೂ ಹಾಸ್ಟೆಲಿನಲ್ಲಿದ್ದು ಓದಿದವಳು. ಸಂಜೆಯಾದರೆ ಒಬ್ಬಾತ ಕಾಂಪೌಂಡಿನಾಚೆ ನಿಂತು, ನಮ್ಮ ಕಿಟಕಿಗಳತ್ತ ತಿರುಗಿ ಅಸಭ್ಯವಾಗಿ ವರ್ತಿಸುತ್ತಿದ್ದ. ಐದಾರು ಮಂದಿ ಧೈರ್ಯ ಮಾಡಿ ವಾರ್ಡನ್ ಬಳಿ ಹೋದೆವು. ಮರುದಿನವೇ ಬಡಗಿ ಬಂದು ಆ ಸಾಲಿನ ಕಿಟಕಿಗಳಿಗೆಲ್ಲ ಮೊಳೆ ಹೊಡೆದು ಹೋದ. ಏಪ್ರಿಲ್ ತಿಂಗಳ ಸೆಖೆಯಲ್ಲಿ ನಾವು ಬೆಂದೆವು. ಹೊರಗೆ ನಿಂತವನಿಗೆ ಯಾವ ತೊಂದರೆಯೂ ಆಗಲಿಲ್ಲ!

ಕಾಲ ಬದಲಾಗಿದೆ ಎನ್ನುತ್ತಾರೆ. 2017ರ ಸೆಪ್ಟೆಂಬರಿನಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಆದದ್ದೇನು? ಸಂಜೆ ಹಾಸ್ಟೆಲಿಗೆ ಮರಳುತ್ತಿದ್ದ ವಿದ್ಯಾರ್ಥಿನಿಯ ಮೇಲೆ ಬೈಕಿನಲ್ಲಿ ಬಂದವರು ಕೈ ಮಾಡಿದರು. ಹತ್ತಿರದಲ್ಲಿದ್ದ ಕಾವಲುಗಾರರು ನೆರವಿಗೆ ಬರಲಿಲ್ಲ, ಇಷ್ಟು ಹೊತ್ತಿನಲ್ಲಿ ಎಲ್ಲಿಗೆ ಹೋಗಿದ್ದೆ ಎಂದು ತನ್ನನ್ನೇ ಕೇಳಿದರು ಎಂಬುದು ಆಕೆಯ ದೂರು. ವಿದ್ಯಾರ್ಥಿನಿಯರು ವಿಶ್ವವಿದ್ಯಾನಿಲಯದ ಹೆಬ್ಬಾಗಿಲಲ್ಲಿ ಕುಳಿತರು. ಕೊನೆಗೆ ರಾತ್ರಿ ಹೊತ್ತಿನಲ್ಲಿ ಅವರಿಗೆ ಸಿಕ್ಕಿದ್ದು ಪೊಲೀಸರ ಲಾಠಿ ಏಟು.

ಕಾನೂನು ಇಲ್ಲವೆಂದಲ್ಲ. 1997ರ ವಿಶಾಖಾ ತೀರ್ಪು ಇದೆ, 2013ರ ಕಾಯ್ದೆ ಇದೆ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ 2015ರಲ್ಲಿ ರೂಪಿಸಿದ ನಿಯಮಾವಳಿ ಹಾಸ್ಟೆಲುಗಳಿಗೂ ಅನ್ವಯಿಸುತ್ತದೆ. ಅದರಂತೆ ಪ್ರತಿ ಸಂಸ್ಥೆಯಲ್ಲೂ ಆಂತರಿಕ ದೂರು ಸಮಿತಿ ಇರಬೇಕು. ಹಿರಿಯ ಅಧ್ಯಾಪಕಿಯೊಬ್ಬರು ಅದರ ಮುಖ್ಯಸ್ಥೆಯಾಗಿರಬೇಕು. ವಿದ್ಯಾರ್ಥಿಗಳಿಗೆ ಸಂಬಂಧಿಸಿದ ದೂರಾದರೆ ಚುನಾಯಿತರಾದ ಮೂವರು ವಿದ್ಯಾರ್ಥಿಗಳೂ ಸಮಿತಿಯಲ್ಲಿರಬೇಕು. ತನಿಖೆ 90 ದಿನಗಳೊಳಗೆ ಮುಗಿಯಬೇಕು. ಸುರಕ್ಷತೆಯ ಹೆಸರಿನಲ್ಲಿ ಹುಡುಗರಿಗಿಲ್ಲದ ತಾರತಮ್ಯದ ನಿಯಮಗಳನ್ನು ಹುಡುಗಿಯರ ಹಾಸ್ಟೆಲಿಗೆ ಹೇರಬಾರದು ಎಂದೂ ಅದು ಸ್ಪಷ್ಟವಾಗಿ ಹೇಳುತ್ತದೆ. ಈ ಮಾತನ್ನು ಹೆತ್ತವರ ಸಭೆಯಲ್ಲಿ ಓದಿ ಹೇಳಿದಾಗ, ಇದು ಮಕ್ಕಳನ್ನು ಹಾಳು ಮಾಡುವ ಕಾನೂನು ಎಂದು ಒಬ್ಬರು ಎದ್ದು ಹೋದರು.

ಗಂಡುಮಕ್ಕಳ ಹಾಸ್ಟೆಲಿನ ಬಗ್ಗೆಯಂತೂ ನಾವು ಮಾತೇ ಆಡುವುದಿಲ್ಲ. 2023ರ ಆಗಸ್ಟಿನಲ್ಲಿ ಕೊಲ್ಕತ್ತಾದ ಜಾದವಪುರ ವಿಶ್ವವಿದ್ಯಾನಿಲಯದ ಹಾಸ್ಟೆಲಿನಲ್ಲಿ ಮೊದಲ ವರ್ಷದ ಹುಡುಗನೊಬ್ಬ ಮಹಡಿಯಿಂದ ಬಿದ್ದು ಸತ್ತ. ರ್‍ಯಾಗಿಂಗ್ ಹೆಸರಿನಲ್ಲಿ ಅವನ ಬಟ್ಟೆ ಬಿಚ್ಚಿಸಲಾಗಿತ್ತು ಎಂಬ ಆರೋಪ ಕೇಳಿಬಂತು. ಇದನ್ನೂ ಲೈಂಗಿಕ ದೌರ್ಜನ್ಯವೆಂದು ಕರೆಯಲು ನಮ್ಮ ನಾಲಿಗೆ ಏಕೆ ಹಿಂಜರಿಯುತ್ತದೆ?

ಆದರೆ ಹುಡುಗಿಯರ ಮೌನಕ್ಕೆ ಬೇರೆಯೇ ಕಾರಣವಿದೆ. ಅವರು ಕಿರುಕುಳ ಕೊಟ್ಟವನಿಗೆ ಹೆದರುವುದಕ್ಕಿಂತ ಹೆಚ್ಚಾಗಿ ಮನೆಯಿಂದ ಬರುವ ಫೋನಿಗೆ ಹೆದರುತ್ತಾರೆ. ವಿಷಯ ಗೊತ್ತಾದರೆ ಅಪ್ಪ ಮರುದಿನವೇ ಬಂದು ಪೆಟ್ಟಿಗೆ ಕಟ್ಟಿಸುತ್ತಾರೆ. ಆರು ತಿಂಗಳಲ್ಲಿ ಮದುವೆ. ನಮ್ಮ ಸಮುದಾಯದಲ್ಲಿ ಎಷ್ಟೋ ಮನೆಗಳಲ್ಲಿ ಡಿಗ್ರಿವರೆಗೆ ಬಂದ ಮೊದಲ ಹುಡುಗಿ ಅವಳು. ಒಂದು ದೂರು ಅವಳದ್ದು ಮಾತ್ರವಲ್ಲ, ತಂಗಿಯರ ಓದಿಗೂ ಕುತ್ತು ತರಬಹುದು. ಇಷ್ಟೆಲ್ಲ ಲೆಕ್ಕ ಹಾಕಿ ಅವಳು ಬಾಯಿ ಮುಚ್ಚಿಕೊಳ್ಳುತ್ತಾಳೆ. ಹಾಸ್ಟೆಲಿನ ಹೆಸರು ಕೆಡಬಾರದೆಂದು ಬಯಸುವವರಿಗೂ ಅದೇ ಬೇಕು.

ಕಳೆದ ವರ್ಷ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಂದಿದ್ದಳು. ಈಗ ಬೇರೆ ಊರಿನಲ್ಲಿ ಸ್ನಾತಕೋತ್ತರ ಓದುತ್ತಿದ್ದಾಳೆ. ಅಲ್ಲಿನ ಹಾಸ್ಟೆಲಿನ ಮೆಸ್ಸಿನ ಉಸ್ತುವಾರಿಯವನು ಅವಳೊಂದಿಗೆ ನಡೆದುಕೊಂಡ ರೀತಿಯನ್ನು ತಲೆ ತಗ್ಗಿಸಿ ಹೇಳಿದಳು. ಪರೀಕ್ಷೆ ಮುಗಿಯಲಿ ಎಂದು ಸುಮ್ಮನಿದ್ದಳಂತೆ. ಅಷ್ಟರಲ್ಲಿ ನಾಲ್ಕನೇ ತಿಂಗಳು ನಡೆಯುತ್ತಿತ್ತು.

“ಮೂರು ತಿಂಗಳೊಳಗೆ ದೂರು ಕೊಡಬೇಕಂತೆ ಮೇಡಂ, ಇನ್ನು ಆಗುವುದಿಲ್ಲ ಅಲ್ವಾ?”

ತಡವಾದದ್ದಕ್ಕೆ ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳವರೆಗೆ ಅವಧಿ ವಿಸ್ತರಿಸಬಹುದು ಎಂದು ನಿಯಮಾವಳಿ ತೆಗೆದು ತೋರಿಸಿದೆ. ಅವಳು ಆ ಸಾಲನ್ನು ಎರಡು ಸಲ ಓದಿದಳು. ಬಿಳಿ ಹಾಳೆ ಕೇಳಿ ಪಡೆದು ನನ್ನ ಮೇಜಿನ ಮೇಲೆಯೇ ಬರೆಯಲು ಕುಳಿತಳು. ತಂದೆಯ ಹೆಸರು, ಮನೆಯ ವಿಳಾಸ ಬರೆಯಬೇಕೇ ಎಂದು ಕೇಳಿದಳು. ನಿನ್ನ ಹೆಸರು ಸಾಕು ಎಂದೆ.