ಪದದ ಕೊನೆಗೆ ಹೆಸರು

ನಮ್ಮದು ಸಾಂಗಲಿ ಜಿಲ್ಲೆಯ ಜತ್ತ ತಾಲೂಕು. ಮನೆಯೊಳಗೆ ಕನ್ನಡ, ಕಚೇರಿಯೊಳಗೆ ಮರಾಠಿ. ನಾನು ಕನ್ನಡ ಶಾಲೆಯಲ್ಲಿ ಏಳನೇತ್ತೆ ಕಲಿತವನು. ಆಮೇಲೆ ಜೋಳ, ಸಜ್ಜಿ ಬೆಳೆದೆ. ಗೀಗೀ ಮೇಳ ಕಟ್ಟಿಕೊಂಡು ಜಾತ್ರೆಯಿಂದ ಜಾತ್ರೆಗೆ ಹಾಡಿದೆ. ಹೋದ ವರ್ಷ ವಾಚನಾಲಯದ ಗುರುಗಳು, "ಸಂಜೀ ಶಾಲೆಗೆ ಬರೋ ಹೆಣ್ಣುಮಕ್ಕಳು ಅಕ್ಷರ ಕಲಿತಾರ. ಪದಾ ಕಟ್ಟಿ ಬರಿಯೂದು ನೀವು ಕಲಸ್ರಿ" ಅಂದರು.

ಒಟ್ಟು ಒಂಬತ್ತು ಮಂದಿ, ಎಲ್ಲರೂ ನಲವತ್ತು ದಾಟಿದವರು. ಹಗಲೆಲ್ಲ ದ್ರಾಕ್ಷಿ ತೋಟದಾಗ ದುಡಿದು, ರೊಟ್ಟಿ ಬಡಿದಿಟ್ಟು ಬರುತ್ತಿದ್ದರು. "ಬರೀರಿ" ಅಂದರೆ ಕೈ ನಡುಗುವುದು. "ಹಾಡ್ರಿ" ಅಂದರೆ ನಿಲ್ಲುತ್ತಿರಲಿಲ್ಲ. ಬೀಸುಕಲ್ಲಿನ ಮುಂದೆ ಕೇಳಿದ ಪದಗಳು ಬಾಯಾಗೇ ಇದ್ದವು. ಅದಕ್ಕೇ ತ್ರಿಪದಿಯಿಂದ ಸುರು ಮಾಡಿದೆ. ಮೂರೂ ಸಾಲಿನ ಎರಡನೇ ಅಕ್ಷರ ಕೂಡಬೇಕು, ಎರಡನೇ ಸಾಲಿನ ಕಡೇ ಮಾತು ಮೂರನೇ ಸಾಲಿಗೆ ಕೈ ಹಿಡಿದು ಕರಕೊಂಡು ಹೋಗಬೇಕು ಅಂತ ಹೇಳಿದೆ. "ಕೇಳಿದ ಪದಾ ಬ್ಯಾಡ, ನಿಮ್ಮ ಮನೀದು ಬರೀರಿ" ಅಂದೆ.

ಎಂಟು ದಿನಕ್ಕೆ ಒಬ್ಬಾಕೆ ಬರೆದು ತಂದಳು:

ಬಾವ್ಯಾಗ ನೀರಿಲ್ಲ ಮಗ ಹೋದ ಪುಣೆಕಡೆಗೆ
ಯಾವಾಗೂ ಫೋನಿನ್ಯಾಗ ದನಿಯಷ್ಟ – ಎತ್ತೀಗೆ
ಮೇವ ಹಾಕವರು ಯಾರಿಲ್ಲ

"ಫೋನು ಪದದಾಗ ಚಂದ ಕಾಣೂದಿಲ್ಲ ಯವ್ವಾ" ಅಂದು, ಅದನ್ನು ಹೊಡೆದು "ಕನಸಿನ್ಯಾಗ" ಅಂತ ತಿದ್ದಿದೆ. ಆಕೆ ಹಾಳೆಯನ್ನೇ ನೋಡುತ್ತ, "ಕಾಕಾ, ಅಂವ ನನ್ನ ಕನಸಿನ್ಯಾಗ ಒಂದ ದಿನಾನೂ ಬಂದಿಲ್ರಿ. ಫೋನಿನ್ಯಾಗ ಬರತಾನ. ನೀವು ತಿದ್ದಿದ್ರ ಅದು ನಿಮ್ಮ ಪದಾ ಆಗತೈತಿ" ಅಂದಳು.

ಆ ಮಾತು ಎದೆಗೆ ನಟ್ಟಿತು. ನನ್ನ ಹೆಣತಿ ಅಕ್ಷರ ಬಾರದವಳು. ರೊಟ್ಟಿ ಬಡಿಯುತ್ತಲೇ ಪದ ಕಟ್ಟುತ್ತಿದ್ದಳು. ಅವಳ ನಾಲ್ಕು ಪದ ನಾನು ಮೇಳದಲ್ಲಿ ಹಾಡಿದೆ. ಅಲ್ಲಲ್ಲಿ ತಿದ್ದಿ, ಕೊನೆಗೆ ನನ್ನ ಹೆಸರಿನ ಅಂಕಿತ ಹಾಕಿದೆ. ಜನ ಶಾಲು ಹೊದಿಸಿದರು. ಒಂದು ಸಲ ಅವಳೂ ಜನರ ನಡುವೆ ಕೂತು ಕೇಳಿದಳು. ಮನೆಗೆ ಬಂದು "ಚಲೋ ಹಾಡಿದ್ರಿ" ಅಂದಳು, ಅಷ್ಟೇ. ಅವಳು ಹೋಗಿ ಆರು ವರ್ಷವಾಯಿತು. ತಿದ್ದುವ ಮೊದಲು ಆ ಪದಗಳು ಹೆಂಗಿದ್ದವೋ, ಈಗ ನನಗೂ ನೆನಪಿಲ್ಲ.

ಹಲಸಂಗಿ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಅಚ್ಚು ಹಾಕಿಸಿದರು. ಅಷ್ಟು ಪದ ಉಳಿದದ್ದು ಅವರ ಪುಣ್ಯ. ಆದರೆ ಯಾವ ಪದ ಯಾವ ಅವ್ವ ಕಟ್ಟಿದ್ದು ಅಂತ ಇವತ್ತು ಯಾರಿಗೆ ಗೊತ್ತು?

ಹೊಡೆದ ಮಾತನ್ನು ನಾನೇ ಮತ್ತೆ ಬರೆದುಕೊಟ್ಟೆ. ಈಗ ತಾಳ ತಪ್ಪಿದರೆ ಹೇಳುತ್ತೇನೆ, ಮಾತು ಬದಲು ಮಾಡೂದಿಲ್ಲ. ಪ್ರತಿ ಪದದ ಕೆಳಗೆ ಕಟ್ಟಿದವರ ಹೆಸರನ್ನು ಅವರ ಕೈಯಿಂದಲೇ ಬರೆಸುತ್ತೇನೆ.

ಮೊನ್ನೆ ಜಾತ್ರೆಯಲ್ಲಿ ಆ ನಾಲ್ಕರಲ್ಲಿ ಒಂದು ಪದ ಹಾಡಿದೆ. ಅಂಕಿತದ ಜಾಗದಲ್ಲಿ ನನ್ನ ಹೆಸರು ತೆಗೆದು ಅವಳದನ್ನು ಇಟ್ಟೆ. ಒಂದಕ್ಷರ ಹೆಚ್ಚಾಗಿ ತಾಳಕ್ಕೆ ಕೂಡಲಿಲ್ಲ. ಹಂಗೇ ಹಾಡಿದೆ.