ಹಳೆಯ ತಟ್ಟೆಯಲ್ಲಿ ಹರಿದ ನದಿ

ಕಂಡಕ್ಟರ್ ಎಂಬ ಶಬ್ದ ಕಿವಿಗೆ ಬಿದ್ದೊಡನೆ ನಮ್ಮವರ ಕಣ್ಣೆದುರು ನಿಲ್ಲುವುದು, ಹೆಗಲಿಗೆ ಚೀಲವನ್ನು ಇಳಿಬಿಟ್ಟು, ಸೀಟಿ ಊದಿ, ‘ರೈಟ್’ ಎಂದು ಬಸ್ಸನ್ನು ಹೊರಡಿಸುವ ಪುಣ್ಯಾತ್ಮನ ಮೂರ್ತಿ. ಯೂರೋಪಿನ ಸಂಗೀತಲೋಕದ ಕಂಡಕ್ಟರನೂ ಒಂದರ್ಥದಲ್ಲಿ ಅದೇ ಕೆಲಸದವನು. ತಾನು ಒಂದು ಸ್ವರವನ್ನೂ ನುಡಿಸದೆ, ಕೈಯಲ್ಲೊಂದು ಸಣ್ಣ ಕಡ್ಡಿಯನ್ನು ಹಿಡಿದು, ನೂರು ಮಂದಿ ವಾದಕರನ್ನು ಹೊರಡಿಸಿ, ನಡುದಾರಿಯಲ್ಲಿ ಯಾರೂ ತಪ್ಪಿಹೋಗದಂತೆ ನೋಡಿಕೊಂಡು, ಎಲ್ಲರನ್ನೂ ಒಟ್ಟಿಗೆ ಊರು ಮುಟ್ಟಿಸುವವನು. ಸ್ವರಗಳನ್ನು ಬರೆದವನು ಬೇರೆ, ನುಡಿಸುವವರು ಬೇರೆ. ಹೀಗಿರುವಲ್ಲಿ ನಡುವೆ ನಿಂತ ಇವನದೆಂಬುದು ಏನಿದೆ? ಈ ಪ್ರಶ್ನೆಗೆ ನನಗೆ ಉತ್ತರ ದೊರೆತದ್ದು ರಫಾಯೆಲ್ ಕುಬೆಲಿಕ್ ಎಂಬ ಚೆಕ್ ನಿರ್ದೇಶಕನ ಹಳೆಯ ಧ್ವನಿಮುದ್ರಿಕೆಗಳಲ್ಲಿ.

ನಾನು ಕನ್ನಡ ಪಾಠ ಹೇಳುವವನು; ಪಾಶ್ಚಾತ್ಯ ಸಂಗೀತದ ಶಾಸ್ತ್ರವನ್ನು ಬಲ್ಲವನಲ್ಲ. ನನಗೆ ಈ ರುಚಿಯನ್ನು ಹತ್ತಿಸಿದವರು ನಮ್ಮ ಕಾಲೇಜಿನ ಭೌತಶಾಸ್ತ್ರದ ಅಧ್ಯಾಪಕರೊಬ್ಬರು. ಅವರು ಮೊದಲು ಕೇಳಿಸಿದ್ದು 1990ರ ಮೇ 12ರಂದು ಪ್ರಾಗ್ ನಗರದಲ್ಲಿ ನಡೆದ ಕಛೇರಿಯ ಮುದ್ರಿಕೆಯನ್ನು. ಕೃತಿ, ಬೆಡ್ರಿಖ್ ಸ್ಮೆತನನ ‘ಮಾ ವ್ಲಾಸ್ತ್’. ಅದಕ್ಕೆ ‘ನನ್ನ ತಾಯ್ನಾಡು’ ಎಂದು ಅರ್ಥ. 1874ರಿಂದ 1879ರವರೆಗೆ ರಚಿತವಾದ ಆರು ವಾದ್ಯಕಾವ್ಯಗಳ ಮಾಲೆಯಿದು. ಆ ವರ್ಷಗಳಲ್ಲಿ ಸ್ಮೆತನನಿಗೆ ಕಿವಿ ಕೇಳಿಸುತ್ತಿರಲಿಲ್ಲವೆಂಬುದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. 1948ರಲ್ಲಿ ನಾಡನ್ನು ತೊರೆದಿದ್ದ ಕುಬೆಲಿಕ್ ನಲವತ್ತೆರಡು ವರ್ಷಗಳ ಮೇಲೆ ಹಿಂದಿರುಗಿದ್ದ. ವಯಸ್ಸು ಎಪ್ಪತ್ತೈದು. ಸಂಧಿವಾತದ ದೆಸೆಯಿಂದ ನಿರ್ದೇಶನವನ್ನೇ ಬಿಟ್ಟಿದ್ದ ಆ ಕೈಗಳು, ತಾನು ಹುಟ್ಟಿದ ನಾಡಿನ ವೃಂದಕ್ಕಾಗಿ ಮತ್ತೊಮ್ಮೆ ಮೇಲೆದ್ದವು. ಸಭೆಯಲ್ಲಿ ಕುಳಿತವರಲ್ಲಿ ಹೊಸ ಅಧ್ಯಕ್ಷ ಹಾವೆಲ್ ಕೂಡ ಒಬ್ಬ. ಇಂಥ ಕಛೇರಿಯನ್ನು ಒಣಗಣ್ಣಿನಿಂದ ಕೇಳುವುದು ಕಷ್ಟ.

“ಇದೊಂದಿದ್ದರೆ ಸಾಕು, ಉಳಿದವೆಲ್ಲ ಇದರ ಪೂರ್ವಸಿದ್ಧತೆ” ಎಂದು ನಮ್ಮ ಭೌತಶಾಸ್ತ್ರಜ್ಞರ ತೀರ್ಪು. ಆದರೆ ಒಂದು ಕಾವ್ಯ ಕೈಗೆ ಬಂದರೆ ಅದರ ಹಳೆಯ ಪ್ರತಿ ಎಲ್ಲಿದೆಯೆಂದು ಕೇಳುವುದು ನನ್ನ ಕಸುಬಿನವರ ಚಾಳಿ. ಹುಡುಕಿದೆ. ಅಂತರ್ಜಾಲದ ಕೃಪೆಯಿಂದ, ಉತ್ತರಪತ್ರಿಕೆಗಳ ಕಟ್ಟನ್ನು ಬದಿಗಿರಿಸಿ ಕುಳಿತ ಒಂದು ರಾತ್ರಿ, 1937ರಲ್ಲಿ ಹಿಸ್ ಮಾಸ್ಟರ್ಸ್ ವಾಯ್ಸ್ ಕಂಪನಿಯವರು ಮುದ್ರಿಸಿಕೊಂಡ ಪ್ಲೇಟುಗಳ ಧ್ವನಿ ಸಿಕ್ಕಿತು. ಚೆಕ್ ಫಿಲ್ಹಾರ್ಮೊನಿಕ್ ವೃಂದ ಆಗ ಇಂಗ್ಲೆಂಡಿಗೆ ಪ್ರವಾಸ ಹೋಗಿತ್ತು. ಜೊತೆಯಲ್ಲಿ ಹೋದ ನಿರ್ದೇಶಕನಿಗೆ ಇಪ್ಪತ್ತಮೂರರ ಆಸುಪಾಸಿನ ಪ್ರಾಯ. ಜಗತ್ಪ್ರಸಿದ್ಧ ಪಿಟೀಲು ವಿದ್ವಾಂಸ ಯಾನ್ ಕುಬೆಲಿಕನ ಮಗನೆಂದೇ ಜನ ಅವನನ್ನು ಗುರುತಿಸುತ್ತಿದ್ದ ಕಾಲವದು. ಆ ವೃಂದದ ಹಿರಿಯ ನಿರ್ದೇಶಕ ವಾತ್ಸ್ಲಾವ್ ತಾಲಿಖ್ 1929ರಲ್ಲಿಯೇ ಆರೂ ಭಾಗಗಳನ್ನು ಮುದ್ರಿಸಿಯಾಗಿತ್ತು. ಈ ತರುಣನ ಪಾಲಿಗೆ ಬಂದದ್ದು ಎರಡೇ ಭಾಗ: ‘ವಲ್ತವ’ ನದಿ, ಮತ್ತು ‘ಬೊಹೀಮಿಯದ ಹೊಲ ತೋಪುಗಳಿಂದ’.

ಆ ಕಾಲದ ಪ್ಲೇಟಿನ ಒಂದು ಬದಿಯಲ್ಲಿ ನಾಲ್ಕೂವರೆ ನಿಮಿಷಕ್ಕಿಂತ ಹೆಚ್ಚು ಸಂಗೀತ ಹಿಡಿಯುತ್ತಿರಲಿಲ್ಲ. ‘ವಲ್ತವ’ ಹನ್ನೆರಡು ನಿಮಿಷಗಳ ಆಸುಪಾಸಿನ ಕೃತಿ. ಕನಿಷ್ಠ ಮೂರು ತುಂಡು ಮಾಡದೆ ಗತ್ಯಂತರವಿಲ್ಲ. ಹರಿಯುವ ನದಿಗೆ ನಡುನಡುವೆ ಒಡ್ಡು ಕಟ್ಟಿದಂತೆ! ಇದರ ಮೇಲೆ ಮುಳ್ಳಿನ ಕರಕರ ಶಬ್ದ ಬೇರೆ. ದಪ್ಪ ತಂತಿವಾದ್ಯಗಳ ಮಂದ್ರ ಕಿವಿಗೆ ಬೀಳುವುದಕ್ಕಿಂತ ಹೆಚ್ಚಾಗಿ ಊಹೆಗೆ ಬೀಳುತ್ತದೆ. ಇಷ್ಟೆಲ್ಲ ತಡೆಗಳನ್ನು ದಾಟಿ ಮೊದಲ ಕೊಳಲು ತೆಳ್ಳಗೆ ಹೊರಡುತ್ತದೆ. ಅದು ಒಂದು ಬುಗ್ಗೆ. ಇನ್ನೊಂದು ಬುಗ್ಗೆಯಂತೆ ಕ್ಲಾರಿನೆಟ್ ಬಂದು ಕೂಡುತ್ತದೆ. ಎರಡೂ ಬೆರೆತಮೇಲೆ ಪಿಟೀಲುಗಳಲ್ಲಿ ಆ ಪ್ರಸಿದ್ಧವಾದ ಹಾಡು ಅಗಲವಾಗಿ ಹರಿಯುತ್ತದೆ. ಕಾಡಿನ ಬೇಟೆಯ ಕಹಳೆ, ದಡದ ಹಳ್ಳಿಯ ಮದುವೆಯ ಕುಣಿತ, ಬೆಳುದಿಂಗಳಲ್ಲಿ ಜಲಕನ್ಯೆಯರು, ಬಂಡೆಗಳ ನಡುವಣ ಭೋರ್ಗರೆತ, ಕಡೆಗೆ ವಿಷೆಹ್ರಾಡ್ ಕೋಟೆಯ ಬುಡದಲ್ಲಿ ಗಂಭೀರವಾದ ನಡಿಗೆ. ನಾನು ಬೆರಗಾದದ್ದು ಆ ಮದುವೆಯ ಕುಣಿತದಲ್ಲಿ. 1990ರ ಮುದ್ರಿಕೆಯಲ್ಲಿ ಅದು ನೆನಪಿನಲ್ಲಿ ನಡೆಯುವ ಮದುವೆಯೆಂದು ನನಗೆ ತೋರುತ್ತದೆ. ಈ ಹಳೆಯ ತಟ್ಟೆಯಲ್ಲಿಯಾದರೋ ಅದು ಇಂದೇ, ಇದೀಗಲೇ, ಪಕ್ಕದ ಬೀದಿಯಲ್ಲಿ ನಡೆಯುತ್ತಿದೆ. ನಿರ್ದೇಶಕನೇ ಎದ್ದು ಹೋಗಿ ಕುಣಿತದಲ್ಲಿ ಸೇರಿಬಿಟ್ಟಾನೆಂಬ ಅನುಮಾನ ಬರುತ್ತದೆ.

ಅವನಿಗೆ ಮುಂದಿನದು ಏನೊಂದೂ ತಿಳಿಯದು! 1938ರ ಸೆಪ್ಟೆಂಬರಿನಲ್ಲಿ ಮ್ಯೂನಿಕ್ ಒಪ್ಪಂದ ಅವನ ದೇಶವನ್ನು ತುಂಡರಿಸಿತು. 1939ರ ಮಾರ್ಚಿನಲ್ಲಿ ಹಿಟ್ಲರನ ಸೇನೆ ಪ್ರಾಗನ್ನು ಹೊಕ್ಕಿತು. 1942ರಲ್ಲಿ, ದಾಸ್ಯದ ನಡುವೆಯೇ, ಆ ವೃಂದದ ಮುಖ್ಯಸ್ಥಾನ ಅವನಿಗೆ ಬಂತು. ಯುದ್ಧ ಮುಗಿದು, 1946ರಲ್ಲಿ ‘ಪ್ರಾಗ್ ವಸಂತ’ ಎಂಬ ಸಂಗೀತೋತ್ಸವಕ್ಕೆ ಕಾರಣಕರ್ತನಾದ. 1948ರ ಫೆಬ್ರವರಿಯಲ್ಲಿ ಕಮ್ಯೂನಿಸ್ಟರು ಅಧಿಕಾರ ಹಿಡಿದರು. ಒಂದು ದೌರ್ಜನ್ಯವನ್ನು ಕಂಡವನು ಇನ್ನೊಂದನ್ನು ಕಾಣಲೊಲ್ಲೆನೆಂದು, ಆ ವರ್ಷ ಬ್ರಿಟನ್ನಿಗೆ ಕಛೇರಿಗೆಂದು ಹೋದವನು ಹಿಂದಿರುಗಲಿಲ್ಲ. 1937ರ ತಟ್ಟೆಗೆ ಇವಾವುದರ ನೆರಳೂ ಬಿದ್ದಿಲ್ಲ. ಅದರ ನದಿಗೆ ತನ್ನ ದಡಗಳ ವಿಷಯದಲ್ಲಿ ಶಂಕೆಯಿಲ್ಲ.

ಇನ್ನು ಎರಡನೆಯ ಪ್ರತಿ. 1950ರಿಂದ 1953ರವರೆಗೆ ಕುಬೆಲಿಕ್ ಅಮೆರಿಕದ ಷಿಕಾಗೋ ವೃಂದದ ನಿರ್ದೇಶಕನಾಗಿದ್ದ. ಅವನು ಆಯ್ದ ಹೊಸ ಕೃತಿಗಳು ಅನೇಕರಿಗೆ ರುಚಿಸಲಿಲ್ಲ. ಅಲ್ಲಿನ ಪ್ರಬಲ ಪತ್ರಿಕೆಯೊಂದರ ವಿಮರ್ಶಕಿ ಅವನನ್ನು ಬಿಡದೆ ಹಳಿದಳು. ಮೂರೇ ವರ್ಷಕ್ಕೆ ಆ ನಂಟು ಮುಗಿಯಿತು. ಆದರೆ ಅಷ್ಟರೊಳಗೆ ಮರ್ಕ್ಯುರಿ ಎಂಬ ಕಂಪನಿಯವರು ಒಂದು ಸಾಹಸ ಮಾಡಿದ್ದರು. 1951ರ ಏಪ್ರಿಲಿನಲ್ಲಿ, ನಿರ್ದೇಶಕನ ನೆತ್ತಿಯ ಮೇಲೆ ಒಂದೇ ಒಂದು ಮೈಕನ್ನು ತೂಗುಬಿಟ್ಟು, ಮುಸೋರ್ಗ್‌ಸ್ಕಿಯ ‘ಚಿತ್ರಪ್ರದರ್ಶನ’ವನ್ನು ಮುದ್ರಿಸಿಕೊಂಡರು. ಹತ್ತಾರು ಮೈಕುಗಳನ್ನಿಟ್ಟು ಬಳಿಕ ಧ್ವನಿಗಳನ್ನು ಬೆರೆಸುವ ಜಾಣ್ಮೆ ಅಲ್ಲಿಲ್ಲ. ಕಹಳೆ ಎಷ್ಟು ಗಟ್ಟಿ, ಕೊಳಲು ಎಷ್ಟು ಮೆಲ್ಲಗೆ ಎಂಬುದನ್ನು ಆ ಸಭಾಂಗಣದಲ್ಲಿ ನಿಂತ ಮನುಷ್ಯನೇ ತೂಗಿಕೊಡಬೇಕು. ಕಂಡಕ್ಟರನದೆಂಬುದು ಏನಿದೆಯೆಂದು ಕೇಳುವವರು ಈ ಮುದ್ರಿಕೆಯನ್ನು ಕೇಳಬೇಕು. ನ್ಯೂಯಾರ್ಕ್ ಟೈಮ್ಸಿನ ವಿಮರ್ಶಕನೊಬ್ಬ ವೃಂದದ ಜೀವಂತ ಸನ್ನಿಧಿಯಲ್ಲಿ ಇದ್ದಂತಾಯಿತೆಂದು ಇದನ್ನು ಮೆಚ್ಚಿದ. ಕಂಪನಿಯವರು ಆ ‘ಜೀವಂತ ಸನ್ನಿಧಿ’ಯನ್ನೇ ತಮ್ಮ ಮುದ್ರಿಕೆಗಳ ಹೆಸರಾಗಿ ಮಾಡಿಕೊಂಡರು.

1952ರ ಡಿಸೆಂಬರಿನಲ್ಲಿ, ಅದೇ ಸಭಾಂಗಣದಲ್ಲಿ, ಆರೂ ಭಾಗಗಳ ‘ತಾಯ್ನಾಡು’ ಮುದ್ರಿತವಾಯಿತು. ನಿರ್ದೇಶಕನಿಗೆ ಮೂವತ್ತೆಂಟು ವರ್ಷ. ಅಂದರೆ ನನ್ನ ವಯಸ್ಸಿನವನು. ವಾದಕರು ವಲ್ತವದ ನೀರು ಕುಡಿದು ಬೆಳೆದವರಲ್ಲ. ಕೊಳಲು ಇಲ್ಲಿ ಸ್ವಚ್ಛ, ಕಹಳೆಗಳು ಕತ್ತಿಯ ಅಲಗಿನಂತೆ ಹೊಳೆಯುತ್ತವೆ. ಆದರೆ ನದಿಗೆ ಒಂದು ಬಿಗಿತ ಬಂದಿದೆ. ಮನೆಯ ಮಾತನ್ನು ಪರರಿಗೆ ಕಲಿಸುವಾಗ ನಾವು ಒಂದೊಂದು ಅಕ್ಷರವನ್ನೂ ಒತ್ತಿ ಹೇಳುವುದಿಲ್ಲವೆ? ಹಾಗೆ. ಮಾಲೆಯ ಕಡೆಯ ಭಾಗ ‘ಬ್ಲಾನಿಕ್’ ಎಂಬ ಬೆಟ್ಟದ ಮೇಲಿನದು. ಆ ಬೆಟ್ಟದ ಒಡಲಲ್ಲಿ ವೀರರ ಸೇನೆಯೊಂದು ನಿದ್ರಿಸುತ್ತಿದೆ, ನಾಡಿಗೆ ಕಡುಕಷ್ಟ ಒದಗಿದ ದಿನ ಅದು ಎದ್ದು ಬರುತ್ತದೆ ಎಂದು ಚೆಕ್ ಜನರ ನಂಬಿಕೆ. ತನ್ನ ನಾಡಿಗೆ ಕಷ್ಟ ಒದಗಿರುವಾಗ, ಸಾವಿರಾರು ಮೈಲಿ ದೂರದಲ್ಲಿ, ಮಲಗಿದ ಆ ವೀರರನ್ನು ಒಬ್ಬ ಮನುಷ್ಯ ಎಬ್ಬಿಸುತ್ತಿದ್ದಾನೆ. ಅವರು ಏಳುವರೆಂಬ ಭರವಸೆ ಅವನಿಗಿದ್ದಿತೋ ಇಲ್ಲವೋ, ಎಬ್ಬಿಸುವ ಕೂಗಿನಲ್ಲಂತೂ ಸಡಿಲವಿಲ್ಲ. ಹದಿನೈದು ವರ್ಷಗಳ ಹಿಂದೆ ಅವನ ಪಾಲಿಗೆ ನದಿ ಮತ್ತು ಹೊಲಗಳು ಮಾತ್ರ ಬಂದಿದ್ದುವು. ಅದು ವ್ಯಾಪಾರದ ಲೆಕ್ಕಾಚಾರವಿದ್ದೀತು. ಆದರೂ, ಸುಖದ ದಿನಗಳಲ್ಲಿ ನದಿ ಹೊಲಗಳಷ್ಟೇ ಸಾಕಾಗಿ, ಕಷ್ಟ ಬಂದಾಗ ನಿದ್ರಿಸುವ ವೀರರ ನೆನಪಾಗುವುದು ಮನುಷ್ಯಸ್ವಭಾವವೇ ಸರಿ.

ಇದನ್ನೆಲ್ಲ ನಮ್ಮ ಭೌತಶಾಸ್ತ್ರಜ್ಞರ ಮುಂದೆ ಅರುಹಿದೆ. ಅವರು ನಕ್ಕು, “ಕೃತಿಕಾರನ ಕಡೆಯ ಪರಿಷ್ಕರಣವೇ ಪ್ರಮಾಣವೆಂದು ನಿಮ್ಮ ಸಾಹಿತ್ಯದವರೇ ಹೇಳುವುದಿಲ್ಲವೇನು?” ಎಂದರು. ಒಳ್ಳೆಯ ಪ್ರಶ್ನೆ. ಹಳೆಯ ಓಲೆಗರಿಗಳಲ್ಲಿ ನಾವು ಪಾಠಾಂತರಗಳನ್ನು ತೂಗುವುದು, ಲಿಪಿಕಾರರ ಕೈ ಸೇರಿ ಕವಿಯ ಮಾತು ಮಸುಕಾಗಿರುವುದರಿಂದ. ಒಂದು ಪಾಠ ಶುದ್ಧವಾದರೆ ಉಳಿದವು ಅಡಿಟಿಪ್ಪಣಿಗೆ ಇಳಿಯುತ್ತವೆ. ಇಲ್ಲಿಯಾದರೋ ಎಲ್ಲ ಪಾಠಗಳೂ ಒಬ್ಬನ ಸ್ವಹಸ್ತದವೇ. 1937, 1952, 1990: ಇವುಗಳ ನಡುವೆ 1958ರಲ್ಲಿ ವಿಯೆನ್ನಾದಲ್ಲಿ, 1971ರಲ್ಲಿ ಬಾಸ್ಟನ್ನಿನಲ್ಲಿ ಮುದ್ರಿತವಾದವೂ ಇವೆ. ಯಾವುದನ್ನು ಅಡಿಟಿಪ್ಪಣಿಗೆ ಇಳಿಸೋಣ? ಎಪ್ಪತ್ತೈದರ ಮುದುಕ ಎಷ್ಟು ದೊಡ್ಡ ಕಲಾವಿದನಾದರೂ ಇಪ್ಪತ್ತಮೂರರ ಆ ಮದುವೆಯ ಕುಣಿತವನ್ನು ಮತ್ತೆ ನುಡಿಸಲಾರ. ಅದಕ್ಕೆ ಬೇಕಾದದ್ದು ಕೌಶಲವಲ್ಲ. ನಾಳೆಯನ್ನು ಅರಿಯದ ಮನಸ್ಸು.

1990ರ ಕಛೇರಿಯನ್ನು ಕೇಳುವಾಗ ನಾವು ಅರ್ಧ ಸಂಗೀತವನ್ನು, ಅರ್ಧ ಕಥೆಯನ್ನು ಕೇಳುತ್ತೇವೆ. ಮರಳಿ ಬಂದವನ ಕಥೆ ಯಾರಿಗೆ ಪ್ರಿಯವಲ್ಲ? ಆದರೆ ಮರಳಿ ಬಂದನೆಂದು ಹರ್ಷಿಸುವ ನಮಗೆ, ಅವನು ಬಿಟ್ಟುಹೋದದ್ದು ಏನು ಎಂಬುದು ತಿಳಿದಿರಬೇಡವೆ? ಅದನ್ನು ಹೇಳುವ ಸಾಕ್ಷಿ ಇನ್ನೆಲ್ಲೂ ಇಲ್ಲ. ಕರಕರ ಸದ್ದಿನ ಆ ಹಳೆಯ ತಟ್ಟೆಯಲ್ಲಿದೆ. ಅದನ್ನು ಕೇಳಿದಮೇಲೆ 1990ರ ನದಿ ನನಗೆ ಚಿಕ್ಕದಾಗಲಿಲ್ಲ, ಇನ್ನಷ್ಟು ಆಳವಾಯಿತು. ಮುದುಕನ ನೀರಿನ ಅಡಿಯಲ್ಲಿ ತರುಣನ ಬುಗ್ಗೆ ಮಿಡಿಯುವುದು ಈಗ ನನಗೆ ಕೇಳುತ್ತದೆ.

ಕುಬೆಲಿಕ್ ತೀರಿಕೊಂಡದ್ದು 1996ರಲ್ಲಿ, ಸ್ವಿಟ್ಜರ್ಲೆಂಡಿನಲ್ಲಿ. ಅವನ ಅಸ್ಥಿ ವಿಷೆಹ್ರಾಡಿನ ಸ್ಮಶಾನದಲ್ಲಿ, ತಂದೆಯ ಮಗ್ಗುಲಲ್ಲಿದೆ. ಸ್ಮೆತನನ ಸಮಾಧಿಯೂ ಅಲ್ಲಿಯೇ. ಕೆಳಗೆ ವಲ್ತವ ಹರಿಯುತ್ತದೆ. ವಾಚಕರಲ್ಲಿ ಯಾರಿಗಾದರೂ ಬಿಡುವು ದೊರೆತರೆ ಮೂರು ಮುದ್ರಿಕೆಗಳನ್ನೂ ಒಂದೇ ಸಂಜೆ ಕೇಳಬೇಕೆಂದು ನನ್ನ ಬಿನ್ನಹ. ಆದರೆ ಕಡೆಯದರಿಂದ ಆರಂಭಿಸಿ, ಹಿಂದೆ ಹಿಂದೆ ಸರಿದು, ಬುಗ್ಗೆಯ ಬಳಿಯಲ್ಲಿ ನಿಲ್ಲಬೇಕು.